ಸ್ಮಾರಕ ಶಿಲೆಗಳ ದಾಖಲೀಕರಣ: ಲಿಪಿ, ನೆಲೆ ಮತ್ತು ವಂಶಸ್ಮೃತಿ

ಕರ್ನಾಟಕದಲ್ಲಿ ಸ್ಮಾರಕ ಶಿಲೆಗಳ ಅಧ್ಯಯನವು ಬಹುಕಾಲ ಲಿಪಿಯುಳ್ಳ ಶಿಲೆಗಳ ಅಧ್ಯಯನವಾಗಿಯೇ ಬೆಳೆಯಿತು. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳನ್ನು ಹೊರತಂದಾಗ ಅವರ ಉದ್ದೇಶ ಶಾಸನ ಪಾಠಗಳ ಸಂಗ್ರಹವೇ ಆಗಿತ್ತು. ಆದ್ದರಿಂದ ಅಕ್ಷರವಿರುವ ವೀರಗಲ್ಲಿಗೆ ಸಂಖ್ಯೆ ದೊರೆಯಿತು. ಅದರ ಪಕ್ಕದಲ್ಲಿಯೇ ನಿಂತ ಅಕ್ಷರವಿಲ್ಲದ ಕಲ್ಲು ಹೊರಗುಳಿಯಿತು. 1982ರಲ್ಲಿ ಪ್ರಕಟವಾದ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಮತ್ತು ಅದೇ ವರ್ಷ ಷ. ಶೆಟ್ಟರ್ ಹಾಗೂ ಗುಂತರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಲೇಖನ ಸಂಪುಟ ಶಿಲ್ಪ ಮತ್ತು ಆಚರಣೆಗಳತ್ತ ಗಮನ ಸೆಳೆದವು. ಆದರೂ ಒಂದು ಮನೆತನದ ಸ್ಮಾರಕಗಳನ್ನು ದಾಖಲಿಸುವಾಗ ಅಕ್ಷರದ ಜೊತೆಗೆ ಇನ್ನೇನನ್ನು ಬರೆದಿಡಬೇಕೆಂಬ ಪ್ರಶ್ನೆಗೆ ಕ್ಷೇತ್ರಕಾರ್ಯದಲ್ಲಿ ಇನ್ನೂ ಸರಿಯಾದ ಸ್ಥಾನ ದೊರೆತಿಲ್ಲ.

ಶ್ರವಣಬೆಳಗೊಳದ ನಿಸಿದಿ ಶಾಸನಗಳು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ರೈಸ್ ಅವರ 1889ರ ಸಂಪುಟದಲ್ಲಿ ಅಲ್ಲಿಯ ಶಾಸನಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದು 500ಕ್ಕೆ ಏರಿತು. 1973ರ ಆವೃತ್ತಿಯಲ್ಲಿ 573 ಆಯಿತು. ಇವುಗಳಲ್ಲಿ 271 ಚಿಕ್ಕಬೆಟ್ಟದಲ್ಲಿಯೇ ಇವೆ. ಬೆಟ್ಟ ಅದೇ, ಬಂಡೆ ಅದೇ. ಮತ್ತೆ ಮತ್ತೆ ಹೋಗಿ ನೋಡಿದವರಿಗೆ ಹೊಸ ಅಕ್ಷರಗಳು ಕಂಡವು. ಒಮ್ಮೆ ಪಡಿಯಚ್ಚು ತೆಗೆದ ಸ್ಥಳವನ್ನು ‘ಮುಗಿದದ್ದು’ ಎಂದು ಬಗೆಯುವುದು ಎಷ್ಟು ಅವಸರದ ತೀರ್ಮಾನವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಬೆಟ್ಟದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ಮನೆತನಕ್ಕೆ ಸೇರಿದ ಸ್ಮಾರಕಗಳ ಒಂದು ಗುಂಪಿದೆ. ಗಂಗರಾಜನ ಹೆಂಡತಿ ಲಕ್ಷ್ಮಿಯ ಸೋದರ ಬೂಚಣ 1115ರಲ್ಲಿ ತೀರಿಕೊಂಡನು. ಅವನ ಸ್ಮರಣೆಗೆ ಲಕ್ಷ್ಮಿ ಕಲ್ಲು ನಿಲ್ಲಿಸಿದಳು. 1120ರಲ್ಲಿ ಅವಳ ಸೋದರಿ, ಚಾಮುಂಡನೆಂಬ ವ್ಯಾಪಾರಿಯ ಹೆಂಡತಿ ದೇಮತಿ ಸಮಾಧಿಮರಣವನ್ನು ಹೊಂದಿದಳು. ಅದರ ಬೆನ್ನಿಗೇ ಗಂಗರಾಜನ ತಾಯಿ ಪೋಚಿಕಬ್ಬೆ, ಅನಂತರ 1121ರಲ್ಲಿ ಸ್ವತಃ ಲಕ್ಷ್ಮಿ. ಆರೇಳು ವರ್ಷಗಳೊಳಗೆ ಒಂದು ಮನೆತನದ ನಾಲ್ಕು ಸಾವುಗಳು. ಈ ಕುಟುಂಬದ ಗುರುವಾದ ಶುಭಚಂದ್ರ ಸಿದ್ಧಾಂತದೇವನೂ 1123ರಲ್ಲಿ ಮುಡಿಪಿದಾಗ ಅವನ ನಿಸಿದಿಯನ್ನು ಮಾಡಿಸಿದವನು ಶಿಷ್ಯ ಗಂಗರಾಜನೇ.

ಇವುಗಳಲ್ಲಿ ಒಂದೇ ಕಲ್ಲನ್ನು ಓದಿದವನಿಗೆ ದೊರೆಯುವುದು ಒಬ್ಬ ಶ್ರಾವಕನ ಅಥವಾ ಶ್ರಾವಕಿಯ ಗುಣವರ್ಣನೆ, ಗುರುಪರಂಪರೆ, ತಿಥಿವಾರ. ಆ ವರ್ಣನೆ ಬಹುಪಾಲು ಸಿದ್ಧಮಾದರಿಯದು. ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಸೋದರನಿಗೆ ಕಲ್ಲು ನಿಲ್ಲಿಸಿದವಳೇ ಕೆಲವು ವರ್ಷಗಳಲ್ಲಿ ತಾನೂ ಕಲ್ಲಾದಳೆಂಬುದು ತಿಳಿಯುತ್ತದೆ. ತಾಯಿಗಾಗಿ ಗಂಗರಾಜ ಕಟ್ಟಿಸಿದ ಕತ್ತಲೆ ಬಸದಿ, ಲಕ್ಷ್ಮಿ ಕಟ್ಟಿಸಿದ ಎರಡುಕಟ್ಟೆ ಬಸದಿ ಇವೆರಡೂ ಅದೇ ಬೆಟ್ಟದಲ್ಲಿವೆ. ಬಸದಿಗೂ ನಿಸಿದಿಗೂ ಇರುವ ಈ ನೆರೆಹೊರೆ ಯಾವ ಶಾಸನ ಪಾಠದಲ್ಲಿಯೂ ಬರೆದಿರುವುದಿಲ್ಲ. ಅದನ್ನು ಹೇಳುವುದು ನೆಲೆ.

ಗ್ರಾಮಾಂತರದ ಹೊಲಗಳಲ್ಲಿ ಪರಿಸ್ಥಿತಿ ತಲೆಕೆಳಗು. ಅಲ್ಲಿ ಕಲ್ಲುಗಳು ಇವೆ, ಮನೆತನವೂ ಇದೆ, ಅಕ್ಷರ ಮಾತ್ರ ಇಲ್ಲ, ಇದ್ದರೂ ಸವೆದಿದೆ. ಸ್ವಂತ ಜಮೀನಿನಲ್ಲಿಯೇ ಹಿರಿಯರನ್ನು ಮಣ್ಣು ಮಾಡುವ ರೂಢಿಯುಳ್ಳ ಕುಟುಂಬಗಳ ಸಮಾಧಿ ಜಾಗವು ಲಂಟಾನ, ಕಳ್ಳಿ, ಹುತ್ತಗಳಿಂದ ಮುಚ್ಚಿಹೋಗಿರುವುದು ಸಾಮಾನ್ಯ. ಅದರ ನಡುವೆ ಮೂರು ಅಂತಸ್ತಿನ ವೀರಗಲ್ಲೊಂದು, ಕಂಬದಿಂದ ಹೊರಚಾಚಿದ ಬಳೆತೊಟ್ಟ ತೋಳಿನ ಮಾಸ್ತಿಗಲ್ಲೊಂದು ನಿಂತಿರಬಹುದು. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ. ಇಷ್ಟನ್ನು ಗುರುತಿಸಿದೊಡನೆ ಕೆಲಸ ಮುಗಿಯಿತೆಂದು ಸಂಶೋಧಕರು ಹೊರಟುಬಿಡುವುದುಂಟು. ಆ ಕಲ್ಲನ್ನು ಕುಟುಂಬದವರು ‘ವೀರಭದ್ರ’ನೆಂದೋ ‘ಮಾಸ್ತಮ್ಮ’ನೆಂದೋ ಕರೆದರೆ ಅದನ್ನು ಅಜ್ಞಾನವೆಂದು ಅಡಿಟಿಪ್ಪಣಿಗೆ ತಳ್ಳುವುದೂ ಉಂಟು. ಇದು ಸರಿಯಲ್ಲ. ಸತ್ತವನ ಹೆಸರು ಅಳಿದಮೇಲೂ ‘ಇವನು ನಮ್ಮವನು’ ಎಂಬ ತಿಳಿವಳಿಕೆ ಉಳಿದಿರುವುದಕ್ಕೆ ಆ ಹೊಸ ಹೆಸರೇ ಆಧಾರ. ಲಿಪಿಯಿಲ್ಲದ ಕಲ್ಲಿಗೆ ಪೂಜೆಯೇ ಪಾಠ.

ದಾಖಲೀಕರಣದ ಕ್ರಮವೂ ಇದಕ್ಕೆ ಹೊಂದಬೇಕು. ಪಡಿಯಚ್ಚಿಗೆ ಮೊದಲು ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಕುಂಚದಿಂದ ತಟ್ಟಿ ಕೂರಿಸಿ, ಮೇಲೆ ಮಸಿಯನ್ನು ಒತ್ತುವುದು ಶಾಸನತಜ್ಞರ ಬಳಕೆಯ ವಿಧಾನ. ಪೂಜೆಗೊಳ್ಳುವ ಕಲ್ಲಿನ ಮೇಲೆ ಎಣ್ಣೆ, ಅರಿಸಿನ, ಸುಣ್ಣಗಳ ಪದರ ಗಟ್ಟಿಯಾಗಿರುತ್ತದೆ. ಅದನ್ನು ಕಬ್ಬಿಣದ ಉಜ್ಜುಗೆಯಿಂದ ಕೆರೆದರೆ ಸವೆದ ಅಕ್ಷರವೂ ಹೋಗುತ್ತದೆ, ಮನೆಯವರ ವಿಶ್ವಾಸವೂ ಹೋಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಛಾಯಾಚಿತ್ರವೇ ಎಷ್ಟೋ ವೇಳೆ ಸಾಕು. ಪೊದೆ ಕಡಿಯಲು ಆಳು ಹಚ್ಚುವುದಕ್ಕಿಂತ ಮಹಾಲಯ ಅಮಾವಾಸ್ಯೆಗಾಗಿ ಕಾಯುವುದು ಮೇಲು. ಹಿರಿಯರ ಪೂಜೆಯನ್ನು ಸಮಾಧಿಯ ಬಳಿ ನಡೆಸುವ ಮನೆತನಗಳಲ್ಲಿ ಅಂದು ಕುಟುಂಬದವರೇ ಬಂದು ಜಾಗ ಹಸನು ಮಾಡಿ ಎಡೆ ಇಡುತ್ತಾರೆ. ಯಾವ ಕಲ್ಲಿಗೆ ಮೊದಲ ಎಡೆ, ಯಾವುದಕ್ಕೆ ಸೀರೆ-ಬಳೆ, ಯಾವ ಕಲ್ಲಿನ ಹತ್ತಿರ ಹೆಣ್ಣುಮಕ್ಕಳು ಹೋಗುವುದಿಲ್ಲ ಎಂಬುದೆಲ್ಲ ಆ ಒಂದು ಹೊತ್ತಿನಲ್ಲಿ ಕಾಣಸಿಗುತ್ತದೆ. ಬೇರೆ ದಿನ ಪ್ರಶ್ನಾವಳಿ ಹಿಡಿದು ಹೋದರೆ ಇಷ್ಟು ಸಿಗುವುದು ಕಷ್ಟ. ಪ್ರಶ್ನಾವಳಿಗೆ ಉತ್ತರ ಕೊಡುವವರು ಸಾಮಾನ್ಯವಾಗಿ ಮನೆಯ ಯಜಮಾನರು. ಎಡೆಯ ಕ್ರಮ ಬಲ್ಲವರು ಮನೆಯ ಹೆಂಗಸರು.

ನಗರದ ಅಂಚಿನ ಊರುಗಳಲ್ಲಿ ಈ ಕೆಲಸಕ್ಕೆ ಕಾಲಾವಕಾಶ ಕಡಿಮೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರದೆಂದು ನಿರ್ಧರಿಸಲಾದ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ ಪೆರ್ಬೊಳಲ್ ನಾಡಿಗಾಗಿ ಕಾದಿ ಮಡಿದ ಕಿತ್ತಯ್ಯನದು. ಆ ಕಲ್ಲಿನಲ್ಲಿ ಅಕ್ಷರವಿದ್ದುದರಿಂದ ಕಿತ್ತಯ್ಯನ ಹೆಸರು ನಮಗೆ ತಿಳಿಯಿತು. ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯಡಿ ಬೆಂಗಳೂರು ಪ್ರದೇಶದ ಶಿಲಾಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಲಾಯಿತು. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳನ್ನೂ ಓದಲು ಈ ವಿಧಾನ ನೆರವಾಗುತ್ತದೆ. ಎಡೆ ಇಡುವವರು ಯಾರೆಂಬುದನ್ನು ಯಂತ್ರ ಓದಲಾರದು. ರಸ್ತೆ ಅಗಲವಾಗಿ ಅಕ್ಷರವಿಲ್ಲದ ಕಲ್ಲೊಂದನ್ನು ಊರಮುಂದಿನ ಗುಡಿಯಂಗಳಕ್ಕೆ ಸಾಗಿಸುವ ಮುನ್ನ ಕನಿಷ್ಠ ಮೂರು ಸಂಗತಿಗಳಾದರೂ ಬರಹಕ್ಕೆ ಇಳಿಯಬೇಕು: ಅದು ಯಾವ ದಿಕ್ಕಿಗೆ ಮುಖಮಾಡಿತ್ತು, ಅದರ ಎಡಬಲಕ್ಕೆ ಯಾವ ಕಲ್ಲುಗಳಿದ್ದವು, ಯಾವ ಮನೆಯವರು ಅದಕ್ಕೆ ಎಣ್ಣೆ ಎರೆಯುತ್ತಿದ್ದರು.