ಕ್ಯಾಂಪಸ್ಸಿನ ಡಾಕ್ಟರು ವಿದ್ಯಾರ್ಥಿಗೆ ಎಷ್ಟು ಹತ್ತಿರ?

ಅಮೆರಿಕದ ಕಾಲೇಜುಗಳಲ್ಲಿ ಮೊದಮೊದಲು ಡಾಕ್ಟರೇ ವಿದ್ಯಾರ್ಥಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಕಾಲೇಜಿಗೆ 1861ರಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ವೈದ್ಯ ಎಡ್ವರ್ಡ್ ಹಿಚ್‌ಕಾಕ್, ಹುಡುಗರ ಎತ್ತರ, ತೂಕ, ಎದೆಯ ಸುತ್ತಳತೆ ತೆಗೆದು ದಾಖಲಿಸುತ್ತಿದ್ದರು. ವ್ಯಾಯಾಮ ಎಲ್ಲರಿಗೂ ಕಡ್ಡಾಯ. ಕಾಯಿಲೆ ಬಾರದಂತೆ ನೋಡಿಕೊಳ್ಳುವುದೇ ಅಲ್ಲಿ ಗುರಿಯಾಗಿತ್ತು. ಬಂದಮೇಲೆ ಆರೈಕೆ ಮಾಡುವ ಏರ್ಪಾಡು ಇನ್ನೂ ಗಟ್ಟಿಯಾಗಿರಲಿಲ್ಲ.

ಆ ಕೊರತೆಯನ್ನು ಸಾಂಕ್ರಾಮಿಕಗಳು ತೋರಿಸಿಕೊಟ್ಟವು. 1903ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾ ಪಟ್ಟಣದ ಕೊಳಾಯಿ ನೀರಿನಿಂದ ಹರಡಿದ ವಿಷಮಶೀತ ಜ್ವರಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ 29 ವಿದ್ಯಾರ್ಥಿಗಳು ಬಲಿಯಾದರು. 1906ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ತನ್ನದೇ ಚಿಕಿತ್ಸಾಲಯ ತೆರೆಯಿತು. ಆರೋಗ್ಯವಂತರೂ ರೋಗಿಗಳೂ ಸಮನಾಗಿ ಒಂದು ಸಣ್ಣ ಶುಲ್ಕ ಕಟ್ಟುವುದು, ಬೇಕಾದವರು ಚಿಕಿತ್ಸೆ ಪಡೆಯುವುದು, ಇದು ಅದರ ಕ್ರಮ. ಜೇಬಿನಲ್ಲಿ ಎಷ್ಟಿದೆ ಎಂದು ನೋಡಿಕೊಂಡು ಡಾಕ್ಟರ ಬಳಿ ಹೋಗುವ ಅಂಜಿಕೆಯನ್ನು ಈ ಕ್ರಮ ತಗ್ಗಿಸಿತು. 1920ರಲ್ಲಿ ಇಂಥ ಸೇವೆಗಳ ರಾಷ್ಟ್ರೀಯ ಸಂಘವೂ ಹುಟ್ಟಿತು.

ಅದೇ ಬರ್ಕ್ಲಿಯಲ್ಲಿ 1962ರಲ್ಲಿ ಮತ್ತೊಂದು ತಿರುವು. ಪೋಲಿಯೋದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಎಂಬ ವಿದ್ಯಾರ್ಥಿಗೆ ಯಾವ ಹಾಸ್ಟೆಲೂ ಒಗ್ಗುತ್ತಿರಲಿಲ್ಲ. ಅವರು ಉಸಿರಾಡಲು ಬಳಸುತ್ತಿದ್ದ ಯಂತ್ರದ ಭಾರವನ್ನು ತಾಳುವ ಕೋಣೆಯೇ ಬೇಕಿತ್ತು. ಕ್ಯಾಂಪಸ್ಸಿನ ಕವೆಲ್ ಆಸ್ಪತ್ರೆ ಅವರಿಗೆ ವಸತಿಯಾಯಿತು. ಅವರ ಹಿಂದೆಯೇ ಇತರ ಅಂಗವಿಕಲ ವಿದ್ಯಾರ್ಥಿಗಳೂ ಬಂದರು. ತಮಗೇನು ಬೇಕೆಂದು ತಾವೇ ಹೇಳಬೇಕು ಎಂಬ ಅವರ ಹಟದಿಂದ ಅಂಗವಿಕಲರ ಸ್ವತಂತ್ರ ಬದುಕಿನ ಚಳವಳಿ ಬೆಳೆಯಿತು.

ಆರೈಕೆ ಮಾಡುವವರ ಬಗೆಯೂ ಬದಲಾಯಿತು. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯ ನರ್ಸ್ ಪ್ರಾಕ್ಟಿಶನರ್‌ಗಳ, ಅಂದರೆ ರೋಗ ಪತ್ತೆಹಚ್ಚಿ ಚಿಕಿತ್ಸೆಯನ್ನೂ ಕೊಡಬಲ್ಲ ನರ್ಸ್‌ಗಳ, ತರಬೇತಿ ಆರಂಭಿಸಿತು. ಇಂದು ಅನೇಕ ಕ್ಯಾಂಪಸ್ಸುಗಳಲ್ಲಿ ನೆಗಡಿ, ಜ್ವರ, ಲಸಿಕೆಗಳನ್ನು ಇವರೂ ನೋಡಿಕೊಳ್ಳುತ್ತಾರೆ. ಮದುವೆಯಾಗದವರಿಗೂ ಗರ್ಭನಿರೋಧಕ ಪಡೆಯುವ ಹಕ್ಕಿದೆಯೆಂದು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ವಿದ್ಯಾರ್ಥಿನಿಯರ ಆರೋಗ್ಯ ಸೇವೆಯೂ ಹಿಗ್ಗಿತು. 2020ರ ಕೋವಿಡ್ ವೀಡಿಯೊ ಸಮಾಲೋಚನೆಯನ್ನು ದಿನಬಳಕೆಗೆ ತಂದಿತು.

ಹೀಗೆ ಬಾಗಿಲುಗಳು ಹೆಚ್ಚಿದವು, ಜೊತೆಗೆ ಕಾವಲೂ ಹೆಚ್ಚಿತು. ಫೋನಿನಲ್ಲಿ ಮೊದಲು ವಿಚಾರಿಸುವ ನರ್ಸ್, ಆನ್‌ಲೈನ್ ಅಪಾಯಿಂಟ್‌ಮೆಂಟ್, ವಿಮೆಯ ಷರತ್ತು, ಇವನ್ನೆಲ್ಲ ದಾಟಿಯೇ ಡಾಕ್ಟರ ಭೇಟಿ. ಆದ್ದರಿಂದ ಒಂದು ಸೇವೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಲ್ಲಿರುವ ಡಾಕ್ಟರುಗಳ ಸಂಖ್ಯೆಗಿಂತ, ರೋಗಿ ಎಷ್ಟು ಬೇಗ ತಕ್ಕವರನ್ನು ತಲುಪುತ್ತಾನೆ ಎಂಬುದರಿಂದ ಅಳೆಯಬೇಕು.

ಮಕ್ಕಳನ್ನು ಓದಲು ಅಮೆರಿಕಕ್ಕೆ ಕಳಿಸುವ ಕನ್ನಡಿಗ ತಂದೆತಾಯಿಗಳಿಗೂ ಇದು ಸಂಬಂಧಿಸಿದ್ದೇ. ಲಸಿಕೆಯ ದಾಖಲೆಗಳನ್ನು ಜೋಡಿಸಿಡಿ, ವಿಮೆಯ ಷರತ್ತುಗಳನ್ನು ಓದಿ. ಹದಿನೆಂಟು ದಾಟಿದ ಮಗಳ ಕಾಯಿಲೆಯ ವಿವರವನ್ನು ಅವಳ ಒಪ್ಪಿಗೆಯಿಲ್ಲದೆ ಡಾಕ್ಟರು ಸಾಮಾನ್ಯವಾಗಿ ನಿಮಗೆ ಹೇಳುವುದಿಲ್ಲ. ಆರೋಗ್ಯ ಕೇಂದ್ರದ ದಾರಿಯನ್ನು ಅವಳೇ ಮೊದಲ ವಾರದಲ್ಲಿ ತಿಳಿದುಕೊಳ್ಳಲಿ.