ರೋಗನಿರೋಧಕ ಕೋಶಗಳ ಬೆಳವಣಿಗೆ: ಹುಟ್ಟುವ ಮುಂಚೆ, ಹುಟ್ಟಿದ ಮೇಲೆ

ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳಲ್ಲಿ ಎಷ್ಟೋ ಬಗೆಗಳಿವೆ. ಕೆಲವು ಆಯುಷ್ಯವಿಡೀ ತಯಾರಾಗುತ್ತಲೇ ಇರುತ್ತವೆ. ಇನ್ನು ಕೆಲವಕ್ಕೆ ಗೊತ್ತಾದ ಕಾಲವಿದೆ. ಅದು ಕಳೆದರೆ ಮತ್ತೆ ಸಿಗುವಂಥವಲ್ಲ.

ಈ ಸಂಗತಿ ಎದ್ದು ಕಾಣುವುದು ಕೋಳಿಯಲ್ಲಿ. ಅದರ ಗುದದ್ವಾರದ ಮೇಲುಗಡೆ ಬರ್ಸಾ ಎಂಬ ಪುಟ್ಟ ಚೀಲವಿದೆ. ಇಟಲಿಯ ಪಾದುವಾದ ಅಂಗರಚನಾ ತಜ್ಞ ಫ್ಯಾಬ್ರಿಸಿಯಸ್ ಅದನ್ನು ವಿವರಿಸಿದ್ದರು. ಬರಹ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1621ರಲ್ಲಿ. ಚೀಲದ ಕೆಲಸವೇನೆಂದು ಮುಂದಿನ ಮುನ್ನೂರು ವರ್ಷ ಯಾರಿಗೂ ಹೊಳೆಯಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಕೋಳಿಮರಿಗಳಿಂದ ಅದನ್ನು ಕತ್ತರಿಸಿ ತೆಗೆದರು. ಮರಿಗಳು ಬೆಳೆದವು. ಜೊತೆಯ ವಿದ್ಯಾರ್ಥಿ ತಿಮೋತಿ ಚಾಂಗ್ ತರಗತಿಯಲ್ಲಿ ತೋರಿಸಲೆಂದು ಅವೇ ಕೋಳಿಗಳಿಗೆ ಸಾಲ್ಮೊನೆಲ್ಲಾ ಚುಚ್ಚಿದರೆ ಪ್ರತಿಕಾಯಗಳೇ ಮೂಡಲಿಲ್ಲ! 1956ರ ಆ ಪ್ರಬಂಧ ಪ್ರಕಟವಾದದ್ದು ಕೋಳಿಸಾಕಣೆಯ ಪತ್ರಿಕೆಯಲ್ಲಿ. ಹಾಗಾಗಿ ವೈದ್ಯವಿಜ್ಞಾನಿಗಳ ಕಣ್ಣಿಗೆ ಬೇಗ ಬೀಳಲಿಲ್ಲ.

ಮೊಟ್ಟೆ 21 ದಿನ ಕಾವಿನಲ್ಲಿರುತ್ತದೆ. ಸುಮಾರು 8ರಿಂದ 14ನೇ ದಿನದ ನಡುವೆ ಮೂಲಕೋಶಗಳು ಈ ಚೀಲದೊಳಗೆ ನೆಲೆಯಾಗಿ, ಪ್ರತಿಕಾಯ ತಯಾರಿಸುವ ಬಿ ಕೋಶಗಳಾಗಿ ಪಳಗುತ್ತವೆ. ಕೋಳಿ ಪ್ರಾಯಕ್ಕೆ ಬರುವಷ್ಟರಲ್ಲಿ ಚೀಲ ಕುಗ್ಗಿಹೋಗುತ್ತದೆ. ಕೋಳಿ ಫಾರಂನವರು ಹೆದರುವ ಗಂಬೋರೊ ರೋಗದ ವೈರಾಣು ಹೊಕ್ಕು ಹಾಳುಗೆಡವುವುದು ಇಲ್ಲಿಯೇ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಚೀಲ ಊದಿಕೊಂಡು, ಹಳದಿ ಲೋಳೆ ಮೆತ್ತಿಕೊಂಡಿರುತ್ತದೆ. ಮೂರು ವಾರದೊಳಗಿನ ಮರಿಗೆ ತಗುಲಿದರೆ ಹೊರಗೆ ಲಕ್ಷಣ ಕಾಣದಿರಬಹುದು. ಪೆಟ್ಟು ಮಾತ್ರ ಇನ್ನೂ ಜೋರು. ಅಂಥ ಮರಿಗೆ ಮುಂದೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹತ್ತುವುದಿಲ್ಲ.

ಸಸ್ತನಿಗಳಿಗೆ ಬರ್ಸಾ ಇಲ್ಲ. ಇಲಿಯಲ್ಲೂ ಮನುಷ್ಯನಲ್ಲೂ ಬಿ ಕೋಶಗಳು ಮೊದಲು ಭ್ರೂಣದ ಯಕೃತ್ತಿನಲ್ಲಿ, ಆಮೇಲೆ ಮೂಳೆಮಜ್ಜೆಯಲ್ಲಿ ಹುಟ್ಟುತ್ತವೆ. ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ಟಿ ಕೋಶಗಳ ನೆಲೆ ಎದೆಯೊಳಗಿನ ಥೈಮಸ್ ಗ್ರಂಥಿ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದಾಗ, ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಅವು ತಿರಸ್ಕರಿಸಲಿಲ್ಲ. ಬೆಳೆದ ಇಲಿಯಲ್ಲಿ ಹೀಗಾಗುವುದಿಲ್ಲ: ಟಿ ಕೋಶಗಳು ಅಷ್ಟರಲ್ಲಿ ಮೈಯೆಲ್ಲ ಹರಡಿಕೊಂಡಿರುತ್ತವೆ. ಇಲಿಯ ಮಿದುಳನ್ನು ಕಾಯುವ ಮೈಕ್ರೋಗ್ಲಿಯಾ ಕೋಶಗಳು ಮೂಳೆಮಜ್ಜೆ ರೂಪುಗೊಳ್ಳುವ ಮೊದಲೇ ಭ್ರೂಣದ ಹಳದಿ ಚೀಲದಲ್ಲಿ ಹುಟ್ಟಿ, ಮಿದುಳು ಸೇರಿ, ಅಲ್ಲೇ ಬಾಳುತ್ತವೆ.

ಕರುವಿನ ಕಥೆ ಬೇರೆ. ಹುಟ್ಟುವಾಗ ಅದಕ್ಕೆ ಬಿ, ಟಿ ಕೋಶಗಳೇನೋ ಇರುತ್ತವೆ, ಆದರೆ ಅವಿನ್ನೂ ರೋಗಾಣು ಕಂಡವಲ್ಲ. ಹಸುವಿನ ಮಾಸು ತಾಯಿಯ ಪ್ರತಿಕಾಯಗಳನ್ನೂ ಒಳಗೆ ಬಿಡುವುದಿಲ್ಲ. ಆ ಕೊರತೆ ನೀಗುವುದು ಗಿಣ್ಣು ಹಾಲಿನಿಂದ. ಕರುವಿನ ಕರುಳು ಅದರಲ್ಲಿನ ಪ್ರತಿಕಾಯಗಳನ್ನು ಹಾಗೆಯೇ ಹೀರಿಕೊಳ್ಳುವುದು ಸುಮಾರು 24 ಗಂಟೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಮನೆಯವರ ಗಿಣ್ಣಿನ ಪಾಲು ಕರುವಿನ ಹೊಟ್ಟೆ ತುಂಬಿದ ಮೇಲಿನದು. ಹೀಗೆ ಬಂದ ತಾಯಿಯ ಪ್ರತಿಕಾಯಗಳು ಲಸಿಕೆಗೂ ಅಡ್ಡಬರುತ್ತವೆ. ಕಾಲುಬಾಯಿ ಜ್ವರದ ಮೊದಲ ಚುಚ್ಚುಮದ್ದಿಗೆ ಕರುವಿಗೆ ನಾಲ್ಕು ತಿಂಗಳು ತುಂಬುವವರೆಗೆ ಕಾಯುವುದು ಇದರಿಂದಲೇ.