ಕಾಯಿದೆ ಇಲ್ಲದ ಕಡ್ಡಾಯ: ದಕ್ಷಿಣ ಧಾರವಾಡದ ತಾಲ್ಲೂಕುಗಳಲ್ಲಿ ರಂಗರೂಟ ಭರ್ತಿ

ಮೊದಲನೆಯ ಮಹಾಯುದ್ಧದ ನಡುವೆ, 1916ರ ಜನವರಿಯಲ್ಲಿ, ಬ್ರಿಟನ್ನಿನ ಪಾರ್ಲಿಮೆಂಟು 18ರಿಂದ 41 ವಯಸ್ಸಿನ ಅವಿವಾಹಿತ ಗಂಡಸರಿಗೆ ಸೈನಿಕ ಸೇವೆಯನ್ನು ಕಡ್ಡಾಯ ಮಾಡಿತು. ಮರುವರ್ಷ ಭಾರತದಲ್ಲಿಯೂ ಒಂದು ಕಡ್ಡಾಯ ಕಾಯಿದೆ ಬಂತು. ಆದರೆ ಅದು ಇಲ್ಲಿ ನೆಲೆಸಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹಾನಗಲ್ಲಿನ ಒಕ್ಕಲಿನ ಮಗನನ್ನು ದಂಡಿಗೆ ಎಳೆದೊಯ್ಯುವ ಅಧಿಕಾರ ಸರ್ಕಾರಕ್ಕೆ ಇರಲಿಲ್ಲ. ಹೀಗಾಗಿ ಭಾರತದ ಸೈನಿಕರೆಲ್ಲ ಸ್ವಯಂಸೇವಕರು ಎಂಬ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿದೆ. ಈ ಮಾತು ಕಾನೂನಿನ ದೃಷ್ಟಿಯಿಂದ ಸರಿ. ಹಳ್ಳಿಯ ಮಟ್ಟದಲ್ಲಿ ಅದನ್ನು ಇಡಿಯಾಗಿ ಒಪ್ಪುವುದು ಕಷ್ಟ.

ಇಂದಿನ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಆಗ ಬೇರೆಯೇ ರೂಪದಲ್ಲಿದ್ದವು. ಹಾನಗಲ್ಲು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯ ತಾಲ್ಲೂಕಾಗಿತ್ತು. ಶಿಗ್ಗಾಂವಿಯಲ್ಲಿದ್ದುದು ಬಂಕಾಪುರ ತಾಲ್ಲೂಕಿನ ಕಚೇರಿ, ಹಿರೇಕೆರೂರಿನಲ್ಲಿದ್ದುದು ಕೋಡ ತಾಲ್ಲೂಕಿನ ಕಚೇರಿ. ಇವುಗಳ ನಡುವೆ ಸವಣೂರು ಸುಮಾರು 70 ಚದರ ಮೈಲಿಯ ನವಾಬಿ ಸಂಸ್ಥಾನ. ಅದರ ಮೇಲ್ವಿಚಾರಣೆಗೆ ಧಾರವಾಡದ ಕಲೆಕ್ಟರನೇ ಪೊಲಿಟಿಕಲ್ ಏಜೆಂಟ್. ಹೆಸರಿಗೆ ಎರಡು ಆಳ್ವಿಕೆಗಳಾದರೂ ಮೇಲಿನಿಂದ ಬರುವ ಹುಕುಂ ಇಳಿಯುತ್ತಿದ್ದುದು ಒಂದೇ ಕಚೇರಿಯಿಂದ.

1917ರ ಜೂನ್‌ನಲ್ಲಿ ಕೇಂದ್ರ ಭರ್ತಿ ಮಂಡಳಿ ರಚನೆಯಾಗಿ, ಪ್ರಾಂತಕ್ಕೆ ಇಂತಿಷ್ಟು ಜನ ಎಂದು ಲೆಕ್ಕ ಗೊತ್ತುಮಾಡಿದಾಗ ಈ ಕಚೇರಿಗಳ ಮಹತ್ವ ತಿಳಿಯುತ್ತದೆ. ಅಲ್ಲಿಯವರೆಗೆ ಜಾತಿ ನೋಡಿ ಆಯ್ದುಕೊಳ್ಳುತ್ತಿದ್ದ ಸೈನ್ಯ ಈಗ ಪ್ರದೇಶ ನೋಡಿ ಆಳು ಕೇಳತೊಡಗಿತು. 1918ರ ಏಪ್ರಿಲ್‌ನಲ್ಲಿ ದೆಹಲಿಯ ಯುದ್ಧ ಪರಿಷತ್ತು ನಡೆದ ಮೇಲೆ ಒಂದೇ ವರ್ಷದಲ್ಲಿ ಇನ್ನೂ 5 ಲಕ್ಷ ಜನ ಬೇಕೆಂದಾಯಿತು. ಪ್ರಾಂತದ ಲೆಕ್ಕ ಜಿಲ್ಲೆಗೆ, ಜಿಲ್ಲೆಯದು ತಾಲ್ಲೂಕಿಗೆ ಹಂಚಿಕೆಯಾದರೆ ಕೊನೆಗೆ ಅದು ಬಂದು ನಿಲ್ಲುವುದು ಊರಗೌಡನ ಕಟ್ಟೆಯ ಮೇಲೆ. ಗೌಡಕಿ, ಕುಲಕರ್ಣಿಕಿ ವತನಗಳು ಸರ್ಕಾರದ ಕೃಪೆಯಲ್ಲಿದ್ದವು. ಕಂದಾಯ ಎತ್ತುವ ಮನುಷ್ಯನೇ ‘ನಿನ್ನ ಮಗ ದಂಡಿಗೆ ಹೋಗಲಿ’ ಎಂದರೆ ಅದು ಸಲಹೆಯೋ ಅಪ್ಪಣೆಯೋ ಎಂದು ಬಿಡಿಸಿ ನೋಡುವಷ್ಟು ಸ್ವಾತಂತ್ರ್ಯ ಬಾಕಿದಾರ ರೈತನಿಗೆ ಇರಲಿಲ್ಲ.

ಹೊಟ್ಟೆಯ ಒತ್ತಡವೂ ಇತ್ತು. ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. 1917ರಿಂದ ಪುಕ್ಕಟೆ ರೇಷನ್, ಸೇರಿದ ಕೂಡಲೇ 50 ರೂಪಾಯಿ ಇನಾಮು. ಮರುವರ್ಷ ಮುಂಗಾರು ಕೈಕೊಟ್ಟಿತು, ಬರದ ಬೆನ್ನಿಗೇ ಇನ್‌ಫ್ಲುಯೆಂಜಾ ಬಂತು. ಅಂಥ ಹೊತ್ತಿನಲ್ಲಿ 50 ರೂಪಾಯಿಗೆ ಹೆಬ್ಬೆಟ್ಟು ಒತ್ತಿದವನನ್ನು ಸ್ವಯಂಸೇವಕ ಎಂದು ಬರೆದುಕೊಂಡವರು ಭರ್ತಿ ಅಧಿಕಾರಿಗಳು. ನಾವೂ ಹಾಗೆಯೇ ಬರೆಯಬೇಕಿಲ್ಲ.

ಇಷ್ಟಾಗಿಯೂ ಮುಂಬಯಿ ಪ್ರಾಂತದಿಂದ ಹೋದವರು ಸುಮಾರು 71 ಸಾವಿರ, ಅವರಲ್ಲಿ ಕಾದಾಳುಗಳು 41 ಸಾವಿರದಷ್ಟು. ಪಂಜಾಬು ಕೊಟ್ಟ ಕಾದಾಳುಗಳೇ ಮೂರೂವರೆ ಲಕ್ಷದಷ್ಟಿದ್ದರು. ಈ ಅಂತರಕ್ಕೆ ದಕ್ಷಿಣದವರಿಗೆ ಶೌರ್ಯ ಸಾಲದು ಎಂಬ ಕಾರಣವನ್ನು ಸೇನಾಧಿಕಾರಿಗಳು ಕೊಡುತ್ತಿದ್ದರು. ಇದೇ ಸೀಮೆಯ ಚರಿತ್ರೆ ಬೇರೆ ಮಾತು ಹೇಳುತ್ತದೆ. 1857ರಲ್ಲಿ ಆಯುಧ ಒಪ್ಪಿಸಿರೆಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು; 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಬಂಡೆದ್ದರು. ಬಂದೂಕು ಕಸಿದುಕೊಂಡ ಸರ್ಕಾರವೇ ಅರವತ್ತು ವರ್ಷಗಳ ಮೇಲೆ ಬಂದೂಕು ಹಿಡಿಯಲು ಕರೆದರೆ ಊರು ಹುಮ್ಮಸ್ಸಿನಿಂದ ಏಳಲಿಲ್ಲ ಎಂಬುದರಲ್ಲಿ ಅಚ್ಚರಿಯೇನಿದೆ?

ಯುದ್ಧಕ್ಕೆ ಮೊದಲು ಈ ಭಾಗಕ್ಕೆ ತೆರೆದಿದ್ದ ಮುಖ್ಯ ಬಾಗಿಲು ಮರಾಠಾ ಪಲ್ಟನ್‌ಗಳದು. ದಖ್ಖನಿನ ಮರಾಠರಿಗೂ ಮುಸಲ್ಮಾನರಿಗೂ ಅಲ್ಲಿ ಜಾಗವಿತ್ತು. ಲಿಂಗಾಯತರಿಗಾಗಿಯೇ ಒಂದು ಬಟಾಲಿಯನ್ ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಮರಾಠಾ ಪಲ್ಟನ್‌ಗಳ ಪೈಕಿ 103, 110 ಮತ್ತು 117ನೆಯವು ಮೆಸೊಪೊಟಾಮಿಯಾದ ಕುತ್‌ನಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾದವು. ಸೆರೆಸಿಕ್ಕ ಸಿಪಾಯಿಗಳನ್ನು ತುರ್ಕರು ಮರುಭೂಮಿ ದಾಟಿಸಿ ಬಾಗ್ದಾದ್ ರೈಲುಮಾರ್ಗದ ಕೂಲಿಗೆ ಹಚ್ಚಿದರು. 1929ರಲ್ಲಿ ಬಸ್ರಾದಲ್ಲಿ ಎದ್ದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್‌ವಾರು ಬರಿಯ ಸಂಖ್ಯೆಯಾಗಿ ನಮೂದಿಸಿದರು. ಇದು ತಾರತಮ್ಯವೆಂದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಒಪ್ಪಿಕೊಂಡದ್ದು 2021ರಲ್ಲಿ.

ರಾಜಕೀಯದವರ ನಿಲುವು ಒಂದೇ ಆಗಿರಲಿಲ್ಲ. 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಹೋಂರೂಲ್ ಲೀಗ್ ಕಟ್ಟಿದ ತಿಲಕರು ಭರ್ತಿಗೆ ವಿರೋಧಿಯಲ್ಲ. ಆಳು ಬೇಕಾದರೆ ಸ್ವರಾಜ್ಯ ಕೊಡಿ ಎಂಬುದು ಅವರ ಪಟ್ಟು. 1918ರ ಜೂನ್ 10ರಂದು ಮುಂಬಯಿಯ ಯುದ್ಧ ಪರಿಷತ್ತಿನಲ್ಲಿ ಗವರ್ನರ್ ವಿಲಿಂಗ್ಡನ್ ತಿಲಕರ ಮಾತನ್ನು ತಡೆದಾಗ ಅವರು ಎದ್ದು ಹೊರನಡೆದರು. ಗಾಂಧೀಜಿ ಅದೇ ಬೇಸಗೆಯಲ್ಲಿ ಖೇಡಾದಲ್ಲಿ ತಾವೇ ರಂಗರೂಟರನ್ನು, ಎಂದರೆ ಹೊಸ ಸಿಪಾಯಿಗಳನ್ನು, ಹುಡುಕುತ್ತ ಅಲೆದರು. ಕಂದಾಯದ ಸತ್ಯಾಗ್ರಹಕ್ಕೆ ಗಾಡಿ ಕಟ್ಟಿಕೊಂಡು ಬಂದಿದ್ದ ರೈತರು ಈ ಸಲ ಗಾಡಿಯನ್ನೂ ಕೊಡಲಿಲ್ಲ.

ಎರಡನೆಯ ಯುದ್ಧದಲ್ಲಿ ಅಸಮ್ಮತಿಗೆ ಬಾಯಿ ಬಂತು. 1940ರ ಅಕ್ಟೋಬರ್ 17ರಂದು ವಿನೋಬಾ ಶುರುಮಾಡಿದ ವೈಯಕ್ತಿಕ ಸತ್ಯಾಗ್ರಹದ ತಿರುಳು, ಬ್ರಿಟಿಷರ ಯುದ್ಧಕ್ಕೆ ಆಳಾಗಿಯಾಗಲಿ ಹಣವಾಗಿಯಾಗಲಿ ನೆರವಾಗುವುದು ತಪ್ಪು ಎಂಬುದು. ಹಾವೇರಿ ಸೀಮೆಯಲ್ಲಿ ಮುಂದಿನ ಸಂಘರ್ಷ ನಡೆದದ್ದು ಭರ್ತಿ ಕಚೇರಿಯ ಮುಂದಲ್ಲ, ಕಂದಾಯದ ಹಣದ ಮುಂದೆ. ವಸೂಲಾದ ಹಣವನ್ನು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಪೊಲೀಸು ಕಾವಲಿನಲ್ಲಿ ಇಟ್ಟಿದ್ದರು. 1943ರ ಏಪ್ರಿಲ್ 1ರಂದು ಅದರ ಮೇಲೆ ಎರಗಿದ ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ರಂಗರೂಟನನ್ನೂ ಕಂದಾಯವನ್ನೂ ಕೇಳುವ ಕೈ ಒಂದೇ ಆಗಿದ್ದ ಸೀಮೆಯಲ್ಲಿ, ಯುದ್ಧವಿರೋಧವನ್ನು ಭರ್ತಿಯ ದಾಖಲೆಗಳಲ್ಲಿ ಮಾತ್ರ ಹುಡುಕಿದರೆ ಹೊಸರಿತ್ತಿ ಲೆಕ್ಕದಿಂದ ಹೊರಗುಳಿಯುತ್ತದೆ.